ಗೋಡೆಯಾಚೆ ಅರಳಿದ ಬಳ್ಳಿ ಗುಲಾಬಿ

“ಏಯ್! ಯಾರ್ರೀ ನೀವು? ಇಳೀರಿ... ಮೊದಲ ಇಳೀರಿ ಕೆಳಗ!”

ದಾನೇಶ್ವರಿ ಕೂಗಿದ ಕೂಗಿಗೆ ಎದುರಿನ ಬೇವಿನ ಮರದ ಕಾಗೆಗಳೆಲ್ಲ ಹಾರಿದವು. ಏಣಿಯ ಮೇಲಿದ್ದವನು ಮಾತ್ರ ಅಲ್ಲಾಡಲಿಲ್ಲ. ಕತ್ತರಿ ಹಿಡಿದ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು.

ಸ್ಕೂಟಿಯನ್ನು ಸ್ಟ್ಯಾಂಡ್ ಕೂಡ ಹಾಕದೆ ಬೇವಿನ ಮರಕ್ಕೆ ಒರಗಿಸಿ ಅವಳು ಗೇಟಿನತ್ತ ಓಡಿದಳು. ಬೆಳಿಗ್ಗೆ ಶಾಲೆಗೆ ಹೊರಟಾಗ ಗೇಟಿನ ಕಮಾನಿನ ತುಂಬ ಹಬ್ಬಿ, ಮಹಡಿಯ ಕಟಾಂಜನದವರೆಗೆ ಏರಿದ್ದ ಬಳ್ಳಿ ಗುಲಾಬಿ ಈಗ ಎಲ್ಲಿದೆ? ನೆಲದ ಮೇಲಿದೆ! ರಾಶಿ ರಾಶಿ ಹಸಿರು ಕೊಂಬೆಗಳು... ಕಮಾನಿನ ಮೇಲೆ ಉಳಿದಿದ್ದು ಮೋಟು ಮೋಟಾದ ನಾಲ್ಕಾರು ತುಂಡುಗಳು.

“ಏನ್ ಮಾಡೀರಿ ಇದು?” ಅವಳ ಧ್ವನಿ ನಡುಗಿತು.

“ಚಾಟ್ನಿ ಮಾಡಾಕತ್ತೇನ್ರಿ, ಕೊಂಬಿ ಸವರಾಕತ್ತೇನಿ,” ಅಂದ ಅವನು ಇಳಿಯುತ್ತ. ಮೂವತ್ತೆರಡು ಮೂವತ್ತಮೂರರ ಪ್ರಾಯ. ಬಿಸಿಲಿಗೆ ಕಂದಿದ ಮುಖ, ಮುಂಗೈ ತುಂಬ ಮುಳ್ಳು ಗೀರಿದ ಗೆರೆಗಳು. “ನಾವು ದ್ರಾಕ್ಷಿಗೆ ಹಿಂಗ ಮಾಡ್ತೇವ್ರಿ. ಅಕ್ಟೋಬರದಾಗ ಕಡದ್ರ ಚಲೋ ಚಿಗೀತೈತಿ.”

“ಇದು ದ್ರಾಕ್ಷಿ ಅಲ್ರೀ! ಗುಲಾಬಿ! ಬರೂ ಐತವಾರ ನಾನ ಚಾಟ್ನಿ ಮಾಡಾಕಿದ್ದೆ. ಕೊಂಬಿಗೆ ಮೂರು ಚಿಗುರುಗಣ್ಣು ಬಿಟ್ಟು ಮಾಡಾಕಿದ್ದೆ. ನೀವು ಒಂದ ಕಣ್ಣಿಗೆ ತಂದು ಕುಂದರಿಸೀರಲ್ಲ! ಯಾರನ್ನ ಕೇಳಿ ಮುಟ್ಟಿದ್ರಿ?”

ಅವನು ಉತ್ತರಿಸುವ ಮೊದಲು ಒಮ್ಮೆ ಕಟ್ಟೆಯತ್ತ ನೋಡಿದ. ಅಲ್ಲಿ ದಾನೇಶ್ವರಿಯ ಅಪ್ಪ ಬಸಂತರಾಯರು ಪೇಪರ್ ಓದುತ್ತ ಕೂತಿದ್ದರು. ಪೇಪರು ಗೇಣುದ್ದ ಮೇಲೇರಿ ಅವರ ಮುಖವನ್ನು ಪೂರ್ತಿ ಮುಚ್ಚಿತು.

“ಯಾರನ್ನೂ ಕೇಳಿಲ್ರಿ,” ಅಂದ ಅವನು ನಿಧಾನವಾಗಿ. “ಬಾಜು ಮನಿಗೆ ಹೊಸದಾಗಿ ಬಂದೇನಿ, ಜುಲ್ಫಿಕರ ಚಾಚಾನ ಮನಿಗೆ. ಹೆಸರು ಸಿದ್ದಾರೂಢ. ಬಳ್ಳಿ ಗೇಟಿಗೆ ಅಡ್ಡ ಬಂದಿತ್ತು... ನಂದ ತಪ್ಪು.”

“ತಪ್ಪು ಅಂದ್ರ ಮುಗೀತೇನ್ರಿ? ಇನ್ನೊಮ್ಮೆ ನನ್ನ ಗಿಡಕ್ಕ ಕೈ ಹಚ್ಚಿ ನೋಡ್ರಿ... ಆಮ್ಯಾಲೆ ನಾನೂ ಸುಮ್ಮನ ಇರಾಂಗಿಲ್ಲ!”

ಅವನು ತಲೆ ತಗ್ಗಿಸಿ ಏಣಿ ಹೊತ್ತು ಹೋದ. ಕಟ್ಟೆಯ ಮೇಲಿನ ಪೇಪರು ಇನ್ನೂ ಇಳಿದಿರಲಿಲ್ಲ. ದಾನೇಶ್ವರಿ ಅದನ್ನು ಗಮನಿಸಬೇಕಿತ್ತು, ಆದರೆ ಸಿಟ್ಟು ಬಂದಾಗ ಅವಳಿಗೆ ಎದುರಿಗಿದ್ದವರನ್ನು ಬಿಟ್ಟು ಬೇರೆ ಯಾರೂ ಕಾಣುವುದಿಲ್ಲ.

*

ಒಂದು ಬಳ್ಳಿಗಾಗಿ ಇಷ್ಟೊಂದು ರಂಪವೇ ಅಂತ ನಿಮಗನ್ನಿಸಬಹುದು. ಓಣಿಯವರಿಗೂ ಹಾಗೇ ಅನ್ನಿಸಿತ್ತು. ಆದರೆ ಅವಳ ಹೊಟ್ಟೆಯೊಳಗಿನ ಉರಿ ಅವಳಿಗಷ್ಟೇ ಗೊತ್ತು.

ದಾನೇಶ್ವರಿಗೆ ಮೂವತ್ತೊಂದು. ಸಿಂದಗಿಯ ಹತ್ತಿರದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಒಂಬತ್ತನೇ ತರಗತಿಯ ಮಕ್ಕಳಿಗೆ ಹೂವಿನ ಭಾಗಗಳನ್ನು ಬಣ್ಣದ ಚಾಕ್‌ಪೀಸಿನಲ್ಲಿ ಬರೆದು ತೋರಿಸುವವಳ ಮನೆಯ ಬಳ್ಳಿ ಮಾತ್ರ ಮೂರು ವರ್ಷವಾದರೂ ಒಂದು ಮೊಗ್ಗು ಬಿಟ್ಟಿರಲಿಲ್ಲ. ‘ಕಮಾನು ತುಂಬ ಗುಲಾಬಿ ಬಣ್ಣದ ಗೊಂಚಲು ಬರ್ತಾವ’ ಅಂತ ಹೇಳಿ ನರ್ಸರಿಯವನು ಕೊಟ್ಟಿದ್ದ. ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಬೇಸಿಗೆಯಲ್ಲಿ ತನ್ನ ಸ್ನಾನದ ನೀರು ಉಳಿಸಿ ಹಾಕಿದ್ದಳು. ಇಂಡಿಯಲ್ಲಿ ದ್ರಾಕ್ಷಿ ತೋಟ ಮಾಡಿದ್ದ ಅಜ್ಜ ಚಿಕ್ಕಂದಿನಲ್ಲಿ ಕಲಿಸಿದಂತೆ ಪ್ರತಿ ಅಕ್ಟೋಬರಿನಲ್ಲೂ ಚಾಟ್ನಿ ಮಾಡಿದಳು. ಹಳೆಯ ಕೊಂಬೆ ಕಡಿದಷ್ಟೂ ಹೊಸ ಚಿಗುರು ಜೋರಾಗಿ ಬರುತ್ತದೆ ಎನ್ನುವುದು ಆ ಸೀಮೆಯ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುವ ಪಾಠ.

ಚಿಗುರು ಬಂತು. ಮುಳ್ಳೂ ಬಂತು. ಹೂವು?

ಊಹೂಂ.

ಹೋದ ವರ್ಷ ಬಸವನ ಬಾಗೇವಾಡಿಯಿಂದ ಕನ್ಯೆ ನೋಡಲು ಬಂದವರು ಇದೇ ಗೇಟಿನಲ್ಲಿ ಒಳಗೆ ಬಂದಿದ್ದರು. ವರನ ತಾಯಿಯ ಇಳಕಲ್ ಸೀರೆಯ ಸೆರಗು ಬಳ್ಳಿಯ ಮುಳ್ಳಿಗೆ ಸಿಕ್ಕಿ ಚರ್ರನೆ ಹರಿಯಿತು. ಆ ಹೆಂಗಸು ಸೆರಗು ಬಿಡಿಸಿಕೊಳ್ಳುತ್ತ ನೋಡಿದ್ದು ಬಳ್ಳಿಯನ್ನಲ್ಲ, ದಾನೇಶ್ವರಿಯನ್ನು.

“ಹೂವಿಲ್ಲದ್ದನ್ನ ಬಾಗಲದಾಗ ಯಾಕ ಇಟ್ಕೊಂಡೀರಿ? ಬರೇ ಮುಳ್ಳು!”

ಮರುದಿನ ‘ಬ್ಯಾಡ’ ಅಂತ ಸುದ್ದಿ ಬಂತು. ಮಾತು ಮಾತ್ರ ಓಣಿಯಲ್ಲೇ ಉಳಿಯಿತು. ನಳದ ಹತ್ತಿರ, ಗಿರಣಿಯ ಹತ್ತಿರ, ‘ಬಳ್ಳಿ ಹಂಗ ಹುಡುಗಿ, ವಯಸ್ಸು ಏರೇರಿ ಹೋಗಾಕತ್ತೈತಿ, ಹೂವಿಲ್ಲ ಹಣ್ಣಿಲ್ಲ’ ಅಂತ ಹೆಂಗಸರು ಪಿಸುಗುಟ್ಟಿದ್ದು ಅವಳ ಕಿವಿಗೆ ಬೀಳದೆ ಇರಲಿಲ್ಲ.

ಅಂದಿನಿಂದ ಅವಳದು ಒಂದೇ ಹಟ. ‘ಒಂದು ಸಲ... ಒಂದೇ ಒಂದು ಸಲ ಈ ಬಳ್ಳಿ ಹೂ ಬಿಡಲಿ. ಅವರೆಲ್ಲ ನೋಡುವ ಹಾಗೆ, ಇದೇ ಗೇಟಿನಲ್ಲಿ.’

ಈಗ ಅದಕ್ಕೂ ಕತ್ತರಿ ಬಿತ್ತು!

ಆ ಸಂಜೆ ಊಟಕ್ಕೆ ಕೂತಾಗ ಬಸಂತರಾಯರು ಗಂಟಲು ಸರಿಮಾಡಿಕೊಂಡರು. ಆಲಮೇಲದ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗಿಸಿ ನಿವೃತ್ತರಾದ ಮನುಷ್ಯ. ಎಲ್ಲವನ್ನೂ ತೂಗಿಯೇ ಮಾತಾಡುವವರು.

“ನೋಡವ್ವಾ, ಯುಗಾದಿ ತನಕ ಸುಮ್ಮನಿರ್ತೇನಿ. ಅಷ್ಟರಾಗ ಅದು ಹೂ ಬಿಡಲಿಲ್ಲಂದ್ರ ಬೇರು ಸಮೇತ ಕೀಳಸ್ತೇನಿ. ಅಲ್ಲಿ ಕಾರ್ ಶೆಡ್ ಕಟ್ಟಸೂದೈತಿ.”

“ನಮ್ಮ ಮನ್ಯಾಗ ಕಾರ್ ಎಲ್ಲೈತಿ ಅಪ್ಪಾ?”

“ನಾಳೆ ಅಳಿಯಾ ಬಂದ್ರ ಕಾರಿನ್ಯಾಗ ಬರಾಂಗಿಲ್ಲೇನು?”

ರೊಟ್ಟಿ ಬಡಿಸುತ್ತಿದ್ದ ಸೋದರತ್ತೆ ಶಂಕ್ರೆವ್ವ ನಕ್ಕುಬಿಟ್ಟಳು. “ಕೂಸು ಹುಟ್ಟೂಕ ಮೊದಲ ಕುಲಾಯಿ ಹೊಲಿಸಿದ್ರಂತ!”

ದಾನೇಶ್ವರಿಗೆ ನಗು ಬರಲಿಲ್ಲ. ತಾಟನ್ನು ಸರಿಸಿ ಎದ್ದುಹೋದಳು.

*

ನವೆಂಬರ್ ಹೊತ್ತಿಗೆ ಮೋಟು ಕೊಂಬೆಗಳಿಂದ ಕೆಂಪು ಚಿಗುರು ಹೊರಟಿತು. ಹಿಂದಿನ ವರ್ಷಗಳಂತೆಯೇ! ಉದ್ದುದ್ದ ಕೋಲುಗಳು, ನೆಟ್ಟಗೆ ಆಕಾಶಕ್ಕೆ. ದಿನಾ ಬೆಳಿಗ್ಗೆ ಅವಳು ಒಂದೊಂದು ತುದಿಯನ್ನೂ ಬಗ್ಗಿಸಿ ನೋಡುತ್ತಿದ್ದಳು. ಎಲೆ... ಎಲೆ... ಮತ್ತೆ ಎಲೆ.

‘ಆ ಮನುಷ್ಯ ಒಂದೇ ಕಣ್ಣಿಗೆ ಕಡಿಯದಿದ್ದರೆ ಈ ಸಲ ಖಂಡಿತ ಬಿಡುತ್ತಿತ್ತು!’ ಅಂತ ಹಲ್ಲು ಕಚ್ಚುತ್ತಿದ್ದಳು. ಎಲ್ಲ ಸಿಟ್ಟಿಗೂ ಒಂದು ಗೂಟ ಬೇಕಲ್ಲ, ಅವಳಿಗೆ ಪಕ್ಕದ ಮನೆಯವನು ಸಿಕ್ಕಿದ್ದ.

ಸಿದ್ದಾರೂಢನ ಊರು ಮಸೂತಿ ಎಂಬ ಹಳ್ಳಿ. ಇಂಡಿ ರಸ್ತೆಯಲ್ಲಿ ಗೆಳೆಯನ ಜೊತೆ ಒಂದು ದ್ರಾಕ್ಷಿ ತೋಟವನ್ನು ಪಾಲಿಗೆ ಮಾಡಿದ್ದ. ಸುಗ್ಗಿ ಮುಗಿಯುವವರೆಗೆ ಮಾತ್ರ ಈ ಬಾಡಿಗೆ ಮನೆ. ಅವನ ಅಂಗಳದಲ್ಲಿ, ಎರಡೂ ಮನೆಗೆ ನಡುವಿನ ಗೋಡೆಯುದ್ದಕ್ಕೂ ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟುಗಳು ಸಾಲಾಗಿ ಪೇರಿಸಿದ್ದವು. ಮಹಡಿ ಮೇಲಿಂದ ನೋಡಿದರೆ ಬರೀ ನೀಲಿ ಕ್ರೇಟು.

ಎಳ್ಳ ಅಮಾವಾಸ್ಯೆಯ ದಿನ ಶಂಕ್ರೆವ್ವ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಒಂದು ತಾಟಿನಲ್ಲಿ ಜೋಡಿಸಿ ದಾನೇಶ್ವರಿಯ ಕೈಗಿಟ್ಟಳು.

“ಒಬ್ಬಂಟಿಗ ಅದಾನ. ಹಬ್ಬದ ದಿನ ಬಾಜು ಮನಿಯವ್ರು ಉಪವಾಸ ಇದ್ರ ನಮಗ ಹೆಂಗ ಉಂಡದ್ದು ಅರಗೀತು? ಕೊಟ್ಟು ಬಾ.”

“ಅತ್ತೀ! ಆ ಕಟುಕಗ?”

“ಬಳ್ಳಿ ಕಡದ್ರ ಕಟುಕ ಆಗ್ತಾರೇನ? ನಡೀ ನಡೀ.”

ಗೊಣಗುತ್ತ ಹೋದಳು. ಬಾಗಿಲು ತೆರೆದವನು ತಾಟು ತೆಗೆದುಕೊಂಡು ನಕ್ಕ. ಆದರೆ ‘ಒಳಗೆ ಬನ್ನಿ’ ಅನ್ನಲಿಲ್ಲ! ಅವಳು ಅಂಗಳದ ಕಡೆ ಒಂದು ಹೆಜ್ಜೆ ಇಟ್ಟಳೋ ಇಲ್ಲವೋ, ಅಡ್ಡ ಬಂದು ನಿಂತ.

“ಆ ಕಡೆ ಬ್ಯಾಡ್ರಿ... ಕ್ರೇಟ್ ಅದಾವ.”

“ಕ್ರೇಟ್ ನನ್ನ ಕಚ್ಚತಾವೇನ್ರಿ?”

“ಹಂಗಲ್ರಿ... ಧೂಳು ಐತಿ.”

ಅವಮಾನದಿಂದ ಮುಖ ಕೆಂಪಾಯಿತು. ‘ಹೋಳಿಗೆ ಬೇಕು, ಹೋಳಿಗೆ ತಂದವರು ಬೇಡ!’ ಧುಮುಗುಡುತ್ತ ಹಿಂದಿರುಗಿದಳು.

ಮರುದಿನ ತೊಳೆದ ತಾಟು ಬಂತು, ಅದರ ತುಂಬ ಒಣದ್ರಾಕ್ಷಿ. ಜೊತೆಗೆ ಒಂದು ಸುರುಳಿ ತಂತಿ.

“ಇದ್ಯಾಕ್ರಿ?” ಅಂದಳು ಗೇಟಿನಲ್ಲಿ ನಿಂತು.

“ನಿಮ್ಮ ಕಮಾನು ಬಳ್ಳಿ ಭಾರಕ್ಕ ವಾಲೇತ್ರಿ. ನಮ್ಮ ತೋಟದಾಗ ಹಾಕೂ ತಂತಿ ಇದು, ಜಂಗು ಹಿಡ್ಯಾಂಗಿಲ್ಲ. ಹಾಕ್ಲಿ? ಬಳ್ಳಿಗೆ ಕೈ ಹಚ್ಚಾಂಗಿಲ್ಲ, ಆಣಿ ಮಾಡ್ತೇನಿ. ನೀವ ಕಟ್ರಿ, ನಾ ಬರೇ ತಂತಿ ಎಳೀತೇನಿ.”

ಇಲ್ಲ ಅನ್ನಬೇಕೆಂದಿದ್ದಳು. ಯಾಕೋ ಅನ್ನಲಾಗಲಿಲ್ಲ. ಅವನು ತಂತಿ ಬಿಗಿದ, ಅವಳು ಹಳದಿ ಬಣ್ಣದ ಹಳೆಯ ನೂಲಿನ ಸೀರೆಯ ಪಟ್ಟಿಗಳಿಂದ ಒಂದೊಂದೇ ಕೋಲನ್ನು ಮೇಲಕ್ಕೆ ಕಟ್ಟಿದಳು. ಪಟ್ಟಿಯನ್ನು ಎರಡು ಸುತ್ತು ಸುತ್ತಿ ನಡುವೆ ಬೆರಳಿನಷ್ಟು ಸಡಿಲ ಬಿಡುತ್ತಿದ್ದಳು.

“ಹಗ್ಗದ್ಲೆ ಕಟ್ಟಿದ್ರ ಲಗೂನ ಆಗ್ತೈತಲ್ರಿ,” ಅಂದ.

“ಹಗ್ಗ ಕೊಂಬಿಗೆ ಉಜ್ಜತೈತಿ. ಇದು ನಮ್ಮವ್ವನ ಹಳೇ ಸೀರಿ, ಮೆತ್ತಗೈತಿ.” ಇನ್ನೊಂದು ಪಟ್ಟಿ ಸುತ್ತುತ್ತ ತಾನೇ ಹೇಳಿದಳು, “ಅವ್ವ ತೀರಿದ ಮ್ಯಾಲೆ ಇದನ್ನ ಯಾರೂ ಉಡಲಿಲ್ಲ.”

ಅವನ ಕೈ ತಂತಿಯ ಮೇಲೆ ನಿಂತಿತು. “ನಿಮಗ ಈ ಹೂ ಯಾಕ ಅಷ್ಟ ಬೇಕ್ರಿ?”

ಯಾರೂ ಕೇಳಿರಲಿಲ್ಲ ಆ ಪ್ರಶ್ನೆಯನ್ನು. ಅಪ್ಪನೂ ಕೇಳಿರಲಿಲ್ಲ. ದಾನೇಶ್ವರಿ ಸೆರಗು ಹರಿದ ಕಥೆ ಹೇಳಿಬಿಟ್ಟಳು. ನಗುತ್ತಲೇ ಶುರು ಮಾಡಿದ್ದು, ಕೊನೆಗೆ ಧ್ವನಿ ಒಡೆಯಿತು.

“ಆಕಿ ಬಳ್ಳಿಗೆ ಅಂದಿದ್ರ ಬಿಡ್ತಿದ್ದೆ. ನನಗ ಅಂದ್ಲು. ನಾ ಏನ್ರಿ, ಬರೇ ಮುಳ್ಳೇನು?”

ಅವನು ತನ್ನ ಗೀರಿದ ಮುಂಗೈಯನ್ನು ಒಮ್ಮೆ ನೋಡಿಕೊಂಡ. “ಮುಳ್ಳು ಐತಿ ಅಂತ ಗೊತ್ತಿದ್ದೂ ಕೈ ಚಾಚಾವ್ರು ಇರ್ತಾರ್ರಿ.”

ದಾನೇಶ್ವರಿ ಕಟ್ಟುತ್ತಿದ್ದ ಪಟ್ಟಿ ಬಿಟ್ಟು ಅವನತ್ತ ನೋಡಿದಳು. ‘ಇವನು ಬಳ್ಳಿಯ ಮಾತಾಡಿದನಾ... ಅಥವಾ...’ ಕೇಳುವ ಧೈರ್ಯ ಬರಲಿಲ್ಲ. ಆ ದಿನದಿಂದ ಸಂಜೆ ಸ್ಕೂಟಿ ನಿಲ್ಲಿಸುವಾಗ ಅವಳ ಕಣ್ಣು ತಾನಾಗಿಯೇ ಪಕ್ಕದ ಬಾಗಿಲಿಗೆ ಹೋಗತೊಡಗಿತು. ತನ್ನ ಮೇಲೆ ತನಗೇ ಸಿಟ್ಟು! ಗಿಡ ಕಡಿದವನ ಮೇಲೆ ಮನಸ್ಸು ಹೋಗುವುದೆಂದರೆ ಏನು?

ಅವನಂತೂ ಅವಳನ್ನು ಅಂಗಳಕ್ಕೆ ಮಾತ್ರ ಒಮ್ಮೆಯೂ ಬಿಡಲಿಲ್ಲ. ಅದೊಂದು ಮುಳ್ಳು ಅವಳ ಮನಸ್ಸಿನಲ್ಲಿ ಮುರಿದೇ ಉಳಿದಿತ್ತು.

*

ಶಿವರಾತ್ರಿ ಕಳೆಯಿತು. ಬಳ್ಳಿ ಮತ್ತೆ ಕಮಾನು ದಾಟಿ ಮಹಡಿ ಮುಟ್ಟಿತು. ಮೊಗ್ಗು ಮಾತ್ರ ಇಲ್ಲವೇ ಇಲ್ಲ.

“ನಾಳೆ ಮುದ್ದೇಬಿಹಾಳದಿಂದ ನೋಡಾಕ ಬರಾವ್ರದಾರ,” ಬಸಂತರಾಯರು ಶನಿವಾರ ಬೆಳಿಗ್ಗೆ ಚಹಾ ಕುಡಿಯುತ್ತ ಹೇಳಿದರು. “ಹುಡುಗ ಕಾಲೇಜಿನ್ಯಾಗ ಕೆಲಸ ಮಾಡ್ತಾನ. ಕಾರೂ ಐತಿ.”

“ನನ್ನ ಕೇಳಿದ್ರೇನಪ್ಪಾ?”

“ಕೇಳಿದ್ರ ನೀ ಏನ ಹೇಳ್ತಿದ್ದಿ? ‘ಹೂ ಬಿಡ್ಲಿ, ಆಮ್ಯಾಲೆ ನೋಡೂಣು’ ಅಂತ ಹೇಳ್ತಿದ್ದಿ!”

ಮಾತು ಬೆಳೆಸದೆ ಅವಳು ಶಂಕ್ರೆವ್ವನ ಶ್ಯಾವಿಗೆ ಒಣಹಾಕಲು ಮಹಡಿ ಹತ್ತಿದಳು. ಚಾದರ ಹಾಸಿ ಬಗ್ಗಿದವಳು ಸುಮ್ಮನೆ ಪಕ್ಕದ ಅಂಗಳ ನೋಡಿದಳು. ಸುಗ್ಗಿ ಶುರುವಾಗಿತ್ತು, ಕ್ರೇಟುಗಳೆಲ್ಲ ತೋಟಕ್ಕೆ ಹೋಗಿದ್ದವು. ಗೋಡೆ ಬಯಲಾಗಿತ್ತು.

ಅಲ್ಲಿ...

ಗೋಡೆಯ ಉದ್ದಕ್ಕೂ, ಎದೆಯ ಎತ್ತರದಲ್ಲಿ, ಅಡ್ಡಡ್ಡಲಾಗಿ ಒಂದು ಗುಲಾಬಿ ಬಣ್ಣದ ಪಟ್ಟೆ! ಗೊಂಚಲು ಗೊಂಚಲು ಹೂವು! ಒಂದು ಗೇಣು ಜಾಗವೂ ಖಾಲಿ ಇರಲಿಲ್ಲ.

ಅವಳ ಕೈಯಿಂದ ಶ್ಯಾವಿಗೆಯ ಮೊರ ಜಾರಿತು. ಕಣ್ಣು ಆ ಪಟ್ಟೆಯನ್ನು ಹಿಡಿದು ಹಿಂದಕ್ಕೆ ಹಿಂದಕ್ಕೆ ಬಂತು. ಗೋಡೆಯ ಮೂಲೆ... ಗೇಟಿನ ಕಂಬದ ಮರೆಯಲ್ಲಿ ಗೋಡೆ ಹತ್ತಿದ ದಪ್ಪ ಹಳೆಯ ಕೊಂಬೆ... ಈ ಕಡೆ ಅವಳದೇ ಗೇಟು... ಅವಳದೇ ಬಳ್ಳಿಯ ಬುಡ!

‘ಗೊಬ್ಬರ ನಂದು, ನೀರು ನಂದು, ಮೂರು ವರ್ಷದ ಕಣ್ಣೀರು ನಂದು... ಹೂವು ಅವನ ಮನೆಯಲ್ಲಿ!’

ಮೆಟ್ಟಿಲು ಇಳಿದದ್ದೇ ಗೊತ್ತಾಗಲಿಲ್ಲ. ಈ ಸಲ ಅಡ್ಡ ನಿಲ್ಲಲು ಅವನಿಗೆ ಸಮಯವನ್ನೇ ಕೊಡದೆ ಅಂಗಳಕ್ಕೆ ನುಗ್ಗಿದಳು. ಸಿದ್ದಾರೂಢ ಗೋಡೆಯ ಹತ್ತಿರ ನಿಂತು ಒಂದು ಗೊಂಚಲನ್ನು ನೋಡುತ್ತಿದ್ದ.

“ಇದಕ್ಕ ಅಲ್ಲೇನ್ರಿ ನನ್ನ ಒಳಗ ಬಿಡದಿದ್ದದ್ದು?”

ಅವನು ಬೆಚ್ಚಿಬಿದ್ದ. “ದಾನೇಶ್ವರಿ... ಇವತ್ತ ನಾನ ಹೇಳಾಕ ಬರಾವಿದ್ದೆ. ಅರಳಿ ಎಂಟ ದಿನ ಆಗಿಲ್ಲ. ತೋಟದಾಗ ಸುಗ್ಗಿ, ನಿನ್ನೆ ತಿರುಗಿ ಬಂದು ನೋಡಿದ್ರ...”

“ಸುಳ್ಳು! ಯಾರದೋ ರೊಕ್ಕ ಯಲ್ಲಮ್ಮನ ಜಾತ್ರಿ! ನನ್ನ ಕಡೆ ಎಲ್ಲಾ ಕಡದು ಚಲೋ ಕೊಂಬಿ ನಿಮ್ಮ ಕಡೆ ಎಳಕೊಂಡೀರಿ. ಇದೇನಿದು...” ಕೊಂಬೆಯನ್ನು ಗೋಡೆಗೆ ಕಟ್ಟಿದ ಹಳದಿ ಪಟ್ಟಿಗಳ ಮೇಲೆ ಅವಳ ಕಣ್ಣು ಬಿತ್ತು. “ನಮ್ಮವ್ವನ ಸೀರಿ ಪಟ್ಟಿ! ಅದನ್ನೂ ಕದ್ದೀರಿ?”

“ಕದ್ದಿಲ್ರಿ. ಅವತ್ತ ಕಡದ ಕೊಂಬಿ ಜೋಡಿ ಕೆಳಗ ಬಿದ್ದಿದ್ವು. ಆರಿಸಿಟ್ಟಿದ್ದೆ.”

“ಯಾಕ ಬಚ್ಚಿಟ್ರಿ ಮತ್ತ? ಹೇಳ್ರಿ! ನಾ ದಿನಾ ಅಳಾಕತ್ತಿದ್ದೆ, ನಿಮಗ ಗೊತ್ತಿತ್ತು. ಆದ್ರೂ ಯಾಕ?”

ಅವನ ಕಣ್ಣು ಗೋಡೆಯಾಚೆ ಅವಳ ಮನೆಯ ಕಟ್ಟೆಯತ್ತ ಒಮ್ಮೆ ಹೋಗಿ ಬಂತು.

“ನಂದ ತಪ್ಪು.”

ಮತ್ತೆ ಅದೇ ಮಾತು! ಆ ಮಾತು ಕೇಳಿ ಅವಳಿಗೆ ಮೈಯೆಲ್ಲ ಉರಿಯಿತು. ಜಗಳಕ್ಕೆ ಜಗಳ ಕೊಡದವನ ಜೊತೆ ಜಗಳವಾಡುವುದು ಹೇಗೆ?

“ನಿಮ್ಮಂಥವ್ರ ಮಾತಿಗೆ ನಾ ಕರಗಿದ್ನಲ್ಲ... ತಪ್ಪು ನಿಮ್ಮದಲ್ಲ, ನಂದು. ಇನ್ನ ಮ್ಯಾಲೆ ನನ್ನ ಕಣ್ಣಿಗೆ ಬೀಳಬ್ಯಾಡ್ರಿ!”

*

ಮನೆಗೆ ಬಂದವಳೇ ಹಿತ್ತಲಿನಿಂದ ಕುಡುಗೋಲು ತಂದಳು. ನೇರ ಗೇಟಿನ ಹತ್ತಿರ ಹೋಗಿ ಬಳ್ಳಿಯ ಬುಡದಲ್ಲಿ ಕೂತಳು.

“ಏ ಹುಡುಗಿ! ಏನ ಮಾಡಾಕತ್ತಿ?” ಶಂಕ್ರೆವ್ವ ಓಡಿ ಬಂದಳು.

“ಕಡೀತೇನಿ ಅತ್ತೀ. ಸಾಕಾತು! ಅಪ್ಪ ಕಾರ್ ಶೆಡ್ ಕಟ್ಟಲಿ. ನಾಳೆ ಬರಾವ್ರ ಸೆರಗು ಹರಿಯೂದು ಬ್ಯಾಡ. ನಾನೂ ತಲಿ ಬಗ್ಗಿಸಿ ಕೂಡ್ತೇನಿ. ಆ ಮನುಷ್ಯಾ ನನ್ನ ಹೂವು ಕದ್ದು...”

ಶಂಕ್ರೆವ್ವ ಕುಡುಗೋಲನ್ನು ಕಸಿದುಕೊಂಡಳು. ಕಟ್ಟೆಯ ಮೇಲೆ ಕೂತಿದ್ದ ತಮ್ಮನ ಕಡೆ ತಿರುಗಿದಳು.

“ಬಸಂತಾ, ಹೇಳ್ತೀಯೋ, ನಾ ಹೇಳ್ಲೋ?”

ಬಸಂತರಾಯರು ಪೇಪರ್ ಮೇಲೆತ್ತಲು ನೋಡಿದರು. ಶಂಕ್ರೆವ್ವ ಅದನ್ನೂ ಕಸಿದಳು.

“ಅವ ತಾನಾಗಿ ಕಡೀಲಿಲ್ಲವ್ವಾ. ನಿಮ್ಮಪ್ಪನ ಅವನ್ನ ಕರಸಿದ್ದ. ಸೆರಗು ಹರಿದ ಮಾತು ನಿಮ್ಮಪ್ಪನ ಎದಿಗೂ ನೆಟ್ಟಿತ್ತು. ನೀ ಸಾಲಿಗೆ ಹೋದ ಮ್ಯಾಲೆ, ‘ಬೇರು ಸಮೇತ ಕಿತ್ತು ಒಗಿಯಪಾ’ ಅಂದ. ಆ ಹುಡುಗ ಏಣಿ ಹತ್ತಿ ಒಂದ ಗಳಿಗಿ ಸುಮ್ಮನ ನಿಂತ. ಇಳದು ಬಂದು ಏನಂದ ಗೊತ್ತೇನು? ‘ಕಾಕಾರ, ಇದನ್ನ ಕಟ್ಟಿದ್ದು ನೋಡಿದ್ರ ಯಾರೋ ಕೂಸಿನ ಹಂಗ ಜ್ವಾಪಾನ ಮಾಡ್ಯಾರ. ಬೇರು ಕೀಳಾಕ ನನ್ನ ಕೈ ಬರಾಂಗಿಲ್ಲ. ದ್ರಾಕ್ಷಿ ಹಂಗ ಸಣ್ಣದು ಮಾಡಿ ಕೊಡ್ತೇನಿ, ಗೇಟಿಗೆ ತೊಂದ್ರಿ ಆಗೂದಿಲ್ಲ’ ಅಂದ. ನೀ ಬಂದು ಒದರ್ಯಾಡಿದಿ. ಅಪ್ಪ-ಮಗಳ ನಡುವ ಜಗಳ ಬ್ಯಾಡಂತ ಎಲ್ಲಾ ತನ್ನ ಮ್ಯಾಲೆ ಹಾಕ್ಕೊಂಡ.”

ದಾನೇಶ್ವರಿ ಅಪ್ಪನ ಕಡೆ ತಿರುಗಿದಳು.

“ಹೌದೇನಪ್ಪಾ?”

ಬಸಂತರಾಯರು ತಮ್ಮ ಅಂಗೈ ನೋಡಿಕೊಂಡರು. “ಆಕಿ ನಿನಗ ಮುಳ್ಳು ಅಂದ್ಲಲ್ಲವ್ವಾ... ದಿನಾ ಆ ಗೇಟು ನೋಡಿದಾಗ ಅದ ಮಾತು ಕೇಳಸ್ತಿತ್ತು ನನಗ. ಬಳ್ಳಿ ಹೋದ್ರ ಮಾತೂ ಹೋಗ್ತೈತಿ ಅಂತ ತಿಳದೆ. ಕಳ್ಳತನಾ ಮಾಡಿದಾಂವ ಅವ ಅಲ್ಲ, ನಾನು.”

ದಾನೇಶ್ವರಿಗೆ ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಬಂದಿದ್ದು ಅಳು. ತನ್ನೊಬ್ಬಳಿಗೇ ನೋವಾಗಿದೆ ಅಂದುಕೊಂಡಿದ್ದಳಲ್ಲ!

‘ನಂದ ತಪ್ಪು...’ ಎರಡೆರಡು ಸಲ ಅಂದಿದ್ದ. ಎರಡೂ ಸಲ ಅವನ ಕಣ್ಣು ಕಟ್ಟೆಯ ಕಡೆ ಹೋಗಿತ್ತು...

ಅವಳು ಎದ್ದಳು.

“ಎಲ್ಲಿಗೆ?” ಶಂಕ್ರೆವ್ವ ಕೇಳಿದಳು, ಗೊತ್ತಿದ್ದೂ.

“ಬಾಜು ಮನಿಗೆ.”

*

ಸಿದ್ದಾರೂಢ ಇನ್ನೂ ಅಲ್ಲೇ, ಗೋಡೆಯ ಹತ್ತಿರ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

“ಇನ್ನೂ ಬೈಯೂದು ಉಳದೈತೇನ್ರಿ?”

“ಉಳದೈತಿ,” ಅಂದಳು ಕಣ್ಣೊರೆಸಿಕೊಳ್ಳುತ್ತ. “ಮೊದಲ ಹೇಳ್ರಿ, ಈ ಕೊಂಬಿ ಇಲ್ಲಿಗೆ ಹೆಂಗ ಬಂತು?”

ಅವನು ಅವಳ ಮುಖ ನೋಡಿದ. ಎಲ್ಲ ಗೊತ್ತಾಗಿದೆ ಎನ್ನುವುದು ತಿಳಿಯಿತು.

“ಅದೊಂದು ಮೊದಲ ಗ್ವಾಡಿ ದಾಟಿ ಈ ಕಡೆ ಜೋತು ಬಿದ್ದಿತ್ರಿ. ಅವತ್ತ ನೀವು ಬೈದ ಮ್ಯಾಲೆ ಇದಕ್ಕ ಕತ್ತರಿ ಹಚ್ಚಾಕ ಮನಸ್ಸ ಬರಲಿಲ್ಲ. ಒಂದರೆ ಉಳೀಲಿ ಅನಸ್ತು. ಆದ್ರ ನೆಟ್ಟಗ ಬಿಟ್ರ ಗ್ವಾಡಿ ಮ್ಯಾಲೆ ಕಾಣತೈತಿ, ನಿಮ್ಮಪ್ಪಾರು ನೋಡಿದ್ರ ಇದೂ ಹೋಗತೈತಿ. ಅದಕ್ಕ ಬಗ್ಗಿಸಿ, ಅಡ್ಡ ಮಲಗಿಸಿ ಕಟ್ಟಿ, ಮುಂದ ಕ್ರೇಟ್ ಇಟ್ಟೆ. ಹೂ ಬಿಡ್ತೈತಿ ಅಂತ ನನಗೇನ ಗೊತ್ರಿ? ದ್ರಾಕ್ಷಿ ಬಿಟ್ರ ನನಗ ಬ್ಯಾರೆ ಬಳ್ಳಿ ಗೊತ್ತಿಲ್ಲ.”

ದಾನೇಶ್ವರಿ ಕೊಂಬೆಯ ಹತ್ತಿರ ಬಗ್ಗಿದಳು. ದಪ್ಪ, ಕಂದು ಬಣ್ಣದ, ಎರಡು ವರ್ಷದ ಕೊಂಬೆ. ಅದರ ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಅವಳ ಕತ್ತರಿಯಿಂದಲೂ ಹೇಗೋ ತಪ್ಪಿಸಿಕೊಂಡದ್ದು. ಮಲಗಿಸಿದ್ದರಿಂದ ಪ್ರತಿ ಗಿಣ್ಣಿನಿಂದಲೂ ಒಂದೊಂದು ಗಿಡ್ಡ ಚಿಗುರು ಎದ್ದಿತ್ತು. ಪ್ರತಿ ಚಿಗುರಿನ ತುದಿಯಲ್ಲೂ ಹೂವು.

ಅವಳು ನಿಧಾನವಾಗಿ ನೆಲಕ್ಕೆ ಕೂತುಬಿಟ್ಟಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಅಯ್ಯ ದೇವರ... ಹಳೇ ಕೊಂಬಿ! ಇದು ಹಳೇ ಕೊಂಬಿ ಮ್ಯಾಲೆ ಹೂ ಬಿಡೂ ಜಾತಿ. ನಾ ವರ್ಷಾ ವರ್ಷಾ ಅಕ್ಟೋಬರದಾಗ ಹಳೇವನ್ನೆಲ್ಲಾ ಕಡದು, ಹೊಸಾವನ್ನ ನೆಟ್ಟಗ ನಿಂದರಿಸಿ, ಹೂ ಯಾಕ ಬರವಲ್ವು ಅಂತ ಅತ್ತೆ! ನಿಮಗ ದ್ರಾಕ್ಷಿ ಅಲ್ಲ ಅಂತ ಬೈದಾಕಿ ನಾನ ಅದನ್ನ ದ್ರಾಕ್ಷಿ ಮಾಡಿದ್ದೆ!”

“ಅಂದ್ರ... ನಾವಿಬ್ರೂ ಕೂಡೇ ಕಡದೇವಿ?”

“ಹೂನ್ರಿ. ಇಬ್ರೂ ಶಾಣ್ಯಾರು!”

ಇಬ್ಬರೂ ನಕ್ಕರು. ಎಷ್ಟೋ ತಿಂಗಳ ಬಿಗಿ ಆ ನಗೆಯಲ್ಲಿ ಸಡಿಲವಾಯಿತು.

“ನನಗರೆ ಯಾಕ ಹೇಳಲಿಲ್ಲ?” ಅಂದಳು ಸಣ್ಣಗೆ. “ಅಪ್ಪ ಹೇಳಿದ್ದು ಅಂತ ಒಂದ ಮಾತು ಹೇಳಿದ್ರ, ಇಷ್ಟು ದಿನ ನಾ ನಿಮ್ಮನ್ನ...”

“ನಿಮ್ಮವ್ವ ಇಲ್ಲ. ಇರಾವ್ರು ಅಪ್ಪ ಒಬ್ರ. ನಾ ನಾಳೆ ಸುಗ್ಗಿ ಮುಗಿಸಿ ಹೋಗಾವ. ನನ್ನ ಮ್ಯಾಲೆ ಸಿಟ್ಟಾದ್ರ ಏನ ಹೋಗತೈತಿ ಅಂತ ತಿಳದಿದ್ದೆ...” ಅವನು ತಡವರಿಸಿದ. “ತಂತಿ ಕಟ್ಟಿದ ದಿನದಿಂದ ಗೊತ್ತಾತ್ರಿ ಏನ ಹೋಗತೈತಿ ಅಂತ. ನಿಮ್ಮ ಸಿಟ್ಟು ತಡಕೊಳ್ಳಾಕ ಆಗ್ತಿತ್ತು. ನಾಳೆ ಮುದ್ದೇಬಿಹಾಳದವ್ರು ಬರ್ತಾರಂತಲ್ಲ... ಅದನ್ನ ತಡಕೊಳ್ಳಾಕ ಆಗವಲ್ದು.”

“ನಿಮಗ ಯಾರ ಹೇಳಿದ್ರು?”

“ಶಂಕ್ರೆವ್ವ ಅತ್ತಿ. ಮುಂಜಾನೆ ಗ್ವಾಡಿ ಮ್ಯಾಲಿಂದ ಹೇಳಿ ಹೋದ್ರು. ‘ಏನರೆ ಮಾಡೂದಿದ್ರ ಇವತ್ತ ಮಾಡಪಾ’ ಅಂದ್ರು.”

ದಾನೇಶ್ವರಿಗೆ ಕೆನ್ನೆ ಬಿಸಿಯಾಯಿತು. ಗೋಡೆಯಾಚೆ ಯಾರೋ ಕೆಮ್ಮಿದರು. ಬಸಂತರಾಯರು ಗೋಡೆಯ ಮೇಲಿಂದ ಇಣುಕಿ ಹೂವಿನ ಸಾಲು ನೋಡಿದರು. ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಅಪ್ಪಾ,” ಅಂದಳು ಎದ್ದು ನಿಂತು. ಅವಳ ಧ್ವನಿಯಲ್ಲಿ ಈಗ ನಡುಕವಿರಲಿಲ್ಲ. “ಮುದ್ದೇಬಿಹಾಳಕ್ಕ ಫೋನ್ ಹಚ್ಚರಿ. ಬರೂದು ಬ್ಯಾಡಂತ ಹೇಳ್ರಿ.”

“ಮತ್ತ... ಏನಂತ ಹೇಳ್ಲಿ?”

“ಖರೇನ ಹೇಳ್ರಿ. ನಮ್ಮ ಹುಡುಗಿ ಮನಸ್ಸು ಬ್ಯಾರೆ ಕಡೆ ಐತಿ ಅಂತ.”

ಬಸಂತರಾಯರು ಮಗಳನ್ನೂ ಸಿದ್ದಾರೂಢನನ್ನೂ ಒಮ್ಮೆ ತೂಗಿದಂತೆ ನೋಡಿದರು. “ಕಾರ್ ಐತೇನಪಾ ನಿನ್ನ ಕಡೆ?”

“ಇಲ್ರಿ ಕಾಕಾರ. ದ್ರಾಕ್ಷಿ ಹೇರೂ ಮೂರು ಗಾಲಿ ಟಂಟಂ ಐತಿ. ಅದೂ ಗೆಳೆಯಾನ ಪಾಲಿನ್ಯಾಗ.”

“ಹಂಗಾದ್ರ ಶೆಡ್ ಬ್ಯಾಡ ಬಿಡು,” ಅಂದು ಅವರು ಫೋನ್ ಹುಡುಕುತ್ತ ಒಳಗೆ ಹೋದರು.

ಅಂಗಳದಲ್ಲಿ ಇಬ್ಬರೇ ಉಳಿದರು. ಸಿದ್ದಾರೂಢ ಒಂದು ಗೊಂಚಲನ್ನು ಕಿತ್ತು ಅವಳತ್ತ ಚಾಚಿದ. ಮುಳ್ಳು ಗೀರಿ ಹೆಬ್ಬೆರಳಲ್ಲಿ ರಕ್ತ ಮೂಡಿತ್ತು. ಅವಳು ಹೂವು ತೆಗೆದುಕೊಳ್ಳಲಿಲ್ಲ. ಮೊದಲು ಆ ಬೆರಳನ್ನು ತನ್ನ ಸೆರಗಿನಲ್ಲಿ ಒತ್ತಿ ಹಿಡಿದಳು.

“ಹೂ ಅರಳಿದ್ದು ನಿಮ್ಮ ಬಾಗಲದಾಗ ಅಲ್ಲ. ಓಣಿಯವ್ರು ನೋಡಲಿಲ್ಲ,” ಅಂದ ಅವನು. “ಕೊಂಬಿ ಬಿಚ್ಚಿ ನಿಮ್ಮ ಗೇಟಿಗೆ ಕಟ್ಲೇನ್ರಿ?”

“ಬ್ಯಾಡ. ಬಗ್ಗಿದ್ದನ್ನ ಎತ್ತಿದ್ರ ಮುರೀತೈತಿ.”

“ಮತ್ತ?”

ಅವಳು ಗೋಡೆಯನ್ನು ನೋಡಿದಳು. ಆಮೇಲೆ ಅವನನ್ನು.

“ಜುಲ್ಫಿಕರ ಚಾಚಾನ ಕೇಳ್ರಿ, ಸುಗ್ಗಿ ಮುಗದ ಮ್ಯಾಲೂ ಮನಿ ಬಾಡಿಗಿಗೆ ಕೊಡ್ತಾರೇನಂತ. ಬರೂ ಅಕ್ಟೋಬರದಾಗ ನೀವು ಇಲ್ಲೇ ಇರಬೇಕು.”

“ಯಾಕ್ರಿ, ಚಾಟ್ನಿ ಮಾಡಾಕೇನು?”

“ಅಲ್ಲ,” ದಾನೇಶ್ವರಿ ಅವನ ಬೆರಳು ಬಿಡದೆ ನಕ್ಕಳು. “ನಾ ಕತ್ತರಿ ತಗೊಂಡ್ರ ಕಸಗೊಳ್ಳಾಕ.”